ಹಾಗರಳ ಮರಳುಗಾಡು ಮತ್ತು ಶಿಲುಬೆಯ ಬೋಧನೆ

ಆದಿಕಾಂಡದ 16ನೆಯ ಅಧ್ಯಾಯದಲ್ಲಿ, ಒಡತಿಯ ಕಿರುಕುಳ ತಾಳಲಾರದೆ ಓಡಿಹೋದ ಗರ್ಭಿಣಿ ದಾಸಿಗೆ ದೇವದೂತನು ಬಿಡುಗಡೆಯನ್ನು ಸಾರುವುದಿಲ್ಲ; ಹಿಂದಿರುಗಿ ಒಡತಿಗೆ ಅಧೀನಳಾಗಿರು ಎಂದೇ ಅಪ್ಪಣೆಕೊಡುತ್ತಾನೆ. ದೇವರು ದಾಸ್ಯದಿಂದ ಬಿಡಿಸುವವರೆಂದು ಸಾರುವ ಯಾವುದೇ ದೈವಶಾಸ್ತ್ರಕ್ಕೆ ಹಾಗರಳ ಈ ಕಥೆ ಒಂದು ತೊಡಕು. ಅಮೆರಿಕದ ಕಪ್ಪು ಜನಾಂಗದ ದೈವಶಾಸ್ತ್ರಜ್ಞೆ ಡೆಲೋರೆಸ್ ವಿಲಿಯಮ್ಸ್ ಅವರು ‘ಸಿಸ್ಟರ್ಸ್ ಇನ್ ದ ವಿಲ್ಡರ್‌ನೆಸ್’ (1993) ಕೃತಿಯಲ್ಲಿ ಈ ತೊಡಕಿನಿಂದಲೇ ತಮ್ಮ ಚಿಂತನೆಯನ್ನು ಆರಂಭಿಸುತ್ತಾರೆ.

ಕೃತಿಯ ಹಿನ್ನೆಲೆಯನ್ನು ಅರಿಯುವುದು ಅಗತ್ಯ. 1969 ಮತ್ತು 1970ರಲ್ಲಿ ಪ್ರಕಟವಾದ ಜೇಮ್ಸ್ ಕೋನ್ ಅವರ ಕೃತಿಗಳು ಕಪ್ಪು ದೈವಶಾಸ್ತ್ರಕ್ಕೆ ಅಡಿಪಾಯ ಹಾಕಿದವು. ಅಲ್ಲಿ ‘ಕಪ್ಪು’ ಎಂದಾಗ ಕಣ್ಣಮುಂದೆ ನಿಂತವನು ಪುರುಷ. ಸ್ತ್ರೀವಾದಿ ದೈವಶಾಸ್ತ್ರದಲ್ಲಿ ‘ಸ್ತ್ರೀ’ ಎಂದಾಗ ನಿಂತವಳು ಬಿಳಿಯಳು. ನ್ಯಾಯಾಲಯದಲ್ಲಿಯೂ ಹೀಗೆಯೇ ಆಯಿತೆಂಬುದನ್ನು ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಷಾ 1989ರಲ್ಲಿ ತೋರಿಸಿಕೊಟ್ಟರು. ಜನರಲ್ ಮೋಟಾರ್ಸ್ ವಿರುದ್ಧ ಐವರು ಕಪ್ಪು ಸ್ತ್ರೀಯರು ಹೂಡಿದ್ದ ದಾವೆಯಲ್ಲಿ 1976ರ ತೀರ್ಪು, ಜನಾಂಗಭೇದ ಮತ್ತು ಲಿಂಗಭೇದಗಳನ್ನು ಒಂದೇ ದೂರಾಗಿ ಬೆಸೆಯಲು ಒಪ್ಪಲಿಲ್ಲ. ಕಂಪನಿಯು ಸ್ತ್ರೀಯರನ್ನು ನೇಮಿಸಿತ್ತು, ಆದರೆ ಅವರು ಬಿಳಿಯರು. ಕಪ್ಪು ಜನರನ್ನೂ ನೇಮಿಸಿತ್ತು, ಆದರೆ ಅವರು ಪುರುಷರು. ಎರಡೂ ಆಗಿದ್ದವರ ಅಳಲಿಗೆ ಕಾನೂನಿನಲ್ಲಿ ಹೆಸರೇ ಇರಲಿಲ್ಲ.

ವಿಲಿಯಮ್ಸ್ ಆ ಅಳಲಿಗೆ ಬೈಬಲಿನಲ್ಲಿ ಹೆಸರನ್ನು ಕಂಡುಕೊಂಡರು. ಹಾಗರಳು ಪರದೇಶಿ, ದಾಸಿ, ಸ್ತ್ರೀ. ಬೇರೊಬ್ಬಳ ಬದಲಿಗೆ ಹೆರಬೇಕಾದವಳು. ದಾಸ್ಯದ ಕಾಲದಲ್ಲಿ ಕಪ್ಪು ಸ್ತ್ರೀಯರು ಒಡತಿಯ ಬದಲಿಗೆ ಅವಳ ಮಕ್ಕಳನ್ನು ಸಾಕಿದರು, ಗಂಡಸರ ಬದಲಿಗೆ ಹೊಲದಲ್ಲಿ ದುಡಿದರು, ಒಡೆಯನ ಕಾಮಕ್ಕೂ ಬಲಿಯಾದರು. ದಾಸ್ಯವು ಅಳಿದ ಮೇಲೆಯೂ ಬಡತನ ಹಾಗೂ ಸಮಾಜದ ಒತ್ತಡಗಳು ಈ ‘ಬದಲಿ ಪಾತ್ರ’ವನ್ನು ಉಳಿಸಿಕೊಂಡವು. ದೇವರು ಹಾಗರಳಿಗೆ ಬಿಡುಗಡೆಯನ್ನಲ್ಲ, ಬದುಕುಳಿಯುವ ದಾರಿಯನ್ನು ತೋರಿದರು ಎಂಬುದು ವಿಲಿಯಮ್ಸ್ ಅವರ ವಾದ. 21ನೆಯ ಅಧ್ಯಾಯದಲ್ಲಿ ಅವಳ ಕಣ್ಣು ತೆರೆದಾಗ ಕಾಣುವುದು ಒಂದು ಬಾವಿ.

ಕೃತಿಯ ಅತ್ಯಂತ ವಿವಾದಾತ್ಮಕ ಭಾಗ ಇದರ ಮುಂದಿನದು. ಯೇಸುಸ್ವಾಮಿ ಪಾಪಿಗಳ ಬದಲಿಗೆ ಸತ್ತರೆಂದು ಬೋಧಿಸಿದರೆ, ಬಲವಂತದ ಬದಲಿ ಪಾತ್ರವೇ ಪವಿತ್ರವಾಗಿಬಿಡುವುದಿಲ್ಲವೇ? ಆದ್ದರಿಂದ ರಕ್ಷಣೆಯು ಅವರ ಮರಣದಲ್ಲಿಲ್ಲ, ಜೀವದಾಯಕ ಸೇವೆಯಲ್ಲಿದೆ ಎಂದು ವಿಲಿಯಮ್ಸ್ ತೀರ್ಮಾನಿಸುತ್ತಾರೆ.

ಈ ತೀರ್ಮಾನವನ್ನು ನಾನು ಒಪ್ಪಲಾರೆ. ಯೊವಾನ್ನರ ಶುಭಸಂದೇಶದ 10ನೆಯ ಅಧ್ಯಾಯದಂತೆ, ಯೇಸುವಿನ ಪ್ರಾಣವನ್ನು ಯಾರೂ ಕಸಿದುಕೊಳ್ಳುವುದಿಲ್ಲ; ಅವರೇ ಅದನ್ನು ಅರ್ಪಿಸುತ್ತಾರೆ. ಶಿಲುಬೆಯನ್ನು ಬದಿಗಿಟ್ಟರೆ ನಾವು ಅರ್ಪಿಸುವ ಬಲಿಪೂಜೆಯೂ ಅರ್ಥ ಕಳೆದುಕೊಳ್ಳುತ್ತದೆ. ಜೋಆ್ಯನ್ ಮರೀ ಟೆರೆಲ್ 1998ರಲ್ಲಿ, ಸ್ವತಃ ಕೋನ್ 2011ರಲ್ಲಿ, ನೊಂದವರ ಜೊತೆಗಿರುವ ದೇವರನ್ನು ಶಿಲುಬೆಯಲ್ಲಿಯೇ ಗುರುತಿಸಿದರು. ಆದರೂ ‘ಸ್ವಇಚ್ಛೆಯ ಅರ್ಪಣೆ’ ಎಂದ ಮಾತ್ರಕ್ಕೆ ವಿಲಿಯಮ್ಸ್‌ಗೆ ಉತ್ತರ ಕೊಟ್ಟಂತಾಗದು. ಬೇರೆ ದಾರಿಯೇ ಇಲ್ಲದವಳ ಒಪ್ಪಿಗೆಯನ್ನು ಸ್ವಇಚ್ಛೆ ಎನ್ನಬಹುದೇ ಎಂಬುದೇ ಅವರ ಪ್ರಶ್ನೆ.

ಈ ಪ್ರಶ್ನೆ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಗುರುದೀಕ್ಷೆ ಪಡೆದ ಹೊಸದರಲ್ಲಿ, ಗಂಡನ ಹೊಡೆತ ತಾಳಲಾರದೆ ಬಂದ ತಾಯಿಯೊಬ್ಬರಿಗೆ, “ನಿಮ್ಮ ಶಿಲುಬೆಯನ್ನು ಹೊತ್ತುಕೊಳ್ಳಿ ಅಮ್ಮ” ಎಂದು ನಾನು ಹೇಳಿ ಕಳುಹಿಸಿದ್ದೆ. ಹಿಂದಿರುಗೆಂದ ದೇವದೂತನ ಮಾತು ನನಗೆ ನೆನಪಿತ್ತು. ಆ ದೂತನು ಹಾಗರಳನ್ನು ಹೆಸರು ಹಿಡಿದು ಕರೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತಿರುವೆ ಎಂದು ಮೊದಲು ವಿಚಾರಿಸಿದ್ದು ನೆನಪಿರಲಿಲ್ಲ. ನಾನು ಆ ತಾಯಿಯನ್ನು ಏನನ್ನೂ ಕೇಳಲಿಲ್ಲ.

ಕ್ರಿಸ್ತರು ತಾವೇ ಹೊತ್ತ ಶಿಲುಬೆ ಬೇರೆ, ಒಬ್ಬರ ಹೆಗಲಿಗೆ ಇನ್ನೊಬ್ಬರು ಹೇರಿದ ಹೊರೆ ಬೇರೆ. ವಿಲಿಯಮ್ಸ್ ಅವರ ತೀರ್ಮಾನವನ್ನು ತಿರಸ್ಕರಿಸುವವರೂ ಈ ಭೇದವನ್ನು ಅವರಿಂದ ಕಲಿಯಬೇಕು. ಪ್ರಬೋಧನಾ ಪೀಠವನ್ನು ಏರಲಿರುವ ನಮ್ಮ ಗುರುಅಭ್ಯರ್ಥಿಗಳು ಈ ಕೃತಿಯನ್ನು ಅದಕ್ಕೆ ಮುನ್ನವೇ ಓದಲಿ.