ಸೀಸ ಸಾಲದೆಂದಲ್ಲ, ದಾರ ಹೆಚ್ಚಾಯಿತು

ಜೋರು ಹರಿವಿನಲ್ಲಿ ಎರೆ ತಳ ಹಿಡಿದು ನಿಲ್ಲದಿದ್ದರೆ ನಮ್ಮ ಗಾಳದವರು ಮೊದಲು ಮಾಡುವ ಕೆಲಸ ಇನ್ನೊಂದು ಸೀಸದ ಗುಂಡು ಪೋಣಿಸುವುದು. ಅದೂ ಸಾಲದಿದ್ದರೆ ಮತ್ತೊಂದು. ಕೊನೆಗೆ ದಾರದ ತುದಿಯಲ್ಲಿ ತಕ್ಕಡಿ ಬಟ್ಟು ನೇತುಹಾಕಿದ ಹಾಗಾಗುತ್ತದೆ. ಇಷ್ಟಾದರೂ ಎರೆ ಉರುಳುರುಳಿ ದಡದ ಪಕ್ಕಕ್ಕೇ ಬಂದು ಬಿದ್ದಿರುತ್ತದೆ, ಇಲ್ಲವೇ ಬಂಡೆಯ ಸಂದಿಗೆ ಸಿಕ್ಕಿ ಗಾಳ, ಗುಂಡು ಎಲ್ಲ ನದಿಯ ಪಾಲು. ಇಂಥ ಕಡೆ ಸೀಸವನ್ನು ದೂರುವ ಮೊದಲು ದಾರವನ್ನು ನೋಡಬೇಕು ಎನ್ನುವುದು ನನ್ನ ವಾದ.

ಲೆಕ್ಕ ಹಾಕಿ ನೋಡಿ. ನೂರು ಗ್ರಾಂ ಸೀಸದ ಗುಂಡು ಹರಿವಿಗೆ ಒಡ್ಡುವ ಮೈ ಸುಮಾರು 5 ಚದರ ಸೆಂಟಿಮೀಟರ್, ಅಷ್ಟೇ. 0.45 ಮಿ.ಮೀ. ದಪ್ಪದ ನೈಲಾನ್ ದಾರ 30 ಮೀಟರ್ ನೀರಿನಲ್ಲಿದ್ದರೆ ಅದರದು 135. ದಾರ ಓರೆಯಾಗಿರುತ್ತದೆ, ಅಷ್ಟೂ ಪೆಟ್ಟು ತಿನ್ನುವುದಿಲ್ಲ, ಒಪ್ಪಿದೆ. ಅರ್ಧ ಹಿಡಿದರೂ ಗುಂಡಿನ ಹತ್ತಾರು ಪಟ್ಟಾಯಿತು. ಅದರ ಮೇಲೆ, ನೀರಿನ ವೇಗ ಸೆಕೆಂಡಿಗೆ 1 ಮೀಟರಿನಿಂದ 2ಕ್ಕೆ ಏರಿದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗುಂಡನ್ನು ಎಳೆದುಕೊಂಡು ಹೋಗುವುದು ಈ ದಾರವೇ.

ಹಾಗಾಗಿ ಮೊದಲು ದಾರ ಸಣ್ಣದಾಗಲಿ. ಅಷ್ಟೇ ಬಲದ ಬ್ರೇಡ್ ದಾರ ನೈಲಾನಿನ ಅರ್ಧದಷ್ಟೇ ದಪ್ಪವಿರುತ್ತದೆ. ಆದರೆ ಶಿವನಸಮುದ್ರದ ಕೆಳಗಿನ ಕಾವೇರಿಯಂಥ ಬಂಡೆಗಳ ನದಿಯಲ್ಲಿ ಬ್ರೇಡ್ ಕಲ್ಲಿಗೆ ಒಮ್ಮೆ ಉಜ್ಜಿದರೆ ಮುಗಿಯಿತು. ಗಾಳದ ಕಡೆಯ ಎರಡು ಮೂರು ಮಾರು ದಪ್ಪ ನೈಲಾನ್ ಸೇರಿಸಿಕೊಳ್ಳುವುದು ಕ್ಷೇಮ. ಎರಡನೆಯದು, ಕೋಲಿನ ತುದಿ ಮೇಲಿರಲಿ. ನದಿಯ ನೀರು ಮೇಲ್ಮೈ ಹತ್ತಿರವೇ ಹೆಚ್ಚು ಜೋರು. ತಳಕ್ಕೆ ಇಳಿದಂತೆ ಕಲ್ಲು ಮರಳಿಗೆ ಉಜ್ಜಿ ನಿಧಾನವಾಗುತ್ತದೆ. ಆ ಮೇಲಿನ ನೀರಿನಿಂದ ಎಷ್ಟು ದಾರ ಎತ್ತಿ ಹಿಡಿದಿರೋ ಅಷ್ಟು ಲಾಭ.

ಇನ್ನು ಎಸೆತ. ನೇರ ಎದುರಿಗೆ ಎಸೆಯಬೇಡಿ, ಹರಿವಿನ ಮೇಲ್ಗಡೆಗೆ ಎಸೆಯಿರಿ. ಗುಂಡು ತಳ ಮುಟ್ಟಿದ ಕ್ಷಣ ದಾರ ಸಡಿಲವಾಗುತ್ತದೆ, ಕೋಲಿನ ತುದಿ ನೆಟ್ಟಗಾಗುತ್ತದೆ. ಆಗಲೇ ಎಲ್ಲರ ಕೈಯೂ ರೀಲಿನ ಹಿಡಿಗೆ ಹೋಗುವುದು. ಬಿಗಿ ಮಾಡಿದಿರೋ, ದಾರ ಗುಂಡನ್ನು ಮೇಲಕ್ಕೆತ್ತುತ್ತದೆ. ಎತ್ತಿದ್ದನ್ನು ನೀರು ಬಿಡುವುದಿಲ್ಲ. ಬಿಗಿ ಮಾಡುವ ಬದಲು ಒಂದೆರಡು ಮಾರು ದಾರ ಬಿಡಿ. ದಾರ ಹರಿವಿನ ಕೆಳಗಡೆಗೆ ಬಿಲ್ಲಿನಂತೆ ಬಾಗಿ ನಿಲ್ಲುತ್ತದೆ. ಈಗ ಗುಂಡಿನ ಮೇಲೆ ಬೀಳುವ ಎಳೆತ ಮೇಲಿನಿಂದಲ್ಲ, ತಳದ ಗುಂಟ ಬರುತ್ತದೆ, ಗುಂಡು ಎರಡು ಕಲ್ಲುಗಳ ನಡುವೆ ಕೂರುತ್ತದೆ. ಹೀಗೆ ಎಸೆದಾಗ ಮೀನು ಕಚ್ಚಿದ್ದು ಜಗ್ಗಿನಿಂದಲೇ ತಿಳಿಯಬೇಕೆಂದಿಲ್ಲ. ಎಷ್ಟೋ ಸಲ ದಾರ ಇದ್ದಕ್ಕಿದ್ದಂತೆ ಜೋಲು ಬೀಳುತ್ತದೆ. ಮೀನು ಗುಂಡನ್ನು ಕಿತ್ತುಕೊಂಡು ನಿಮ್ಮ ಕಡೆಗೇ ಬರುತ್ತಿದೆ ಎಂದು ತಿಳಿಯಿರಿ.

ಎಲ್ಲಿಗೆ ಎಸೆಯಬೇಕು ಎನ್ನುವುದು ಇದೆಲ್ಲಕ್ಕಿಂತ ದೊಡ್ಡ ಮಾತು. ನಡುನೀರಿನ ಸೆಳವಿನಲ್ಲಿ ಮೀನೂ ಸುಮ್ಮನೆ ಈಜಿ ದಣಿಯುವುದಿಲ್ಲ. ಮುಳುಗಿದ ಬಂಡೆಯ ಹಿಂದೆ, ನುಗ್ಗುವ ನೀರೂ ನಿಧಾನದ ನೀರೂ ಕೂಡುವ ಗೆರೆಯಲ್ಲಿ ನಿಂತು, ತೇಲಿಬಂದದ್ದನ್ನು ಹಿಡಿಯುತ್ತದೆ. ನೊರೆ ಸಾಲುಗಟ್ಟಿ ಹೋಗುವ ಜಾಗ ನೋಡಿದರೆ ಆ ಗೆರೆ ಸಿಗುತ್ತದೆ. ಅಲ್ಲಿ ಎರೆ ನಿಲ್ಲಿಸಲು ಅರ್ಧ ಸೀಸ ಸಾಕು. ಎರೆ ಕಲ್ಲಿನಂತೆ ಅಲುಗದೆ ಕೂರಬೇಕೆಂದೂ ಇಲ್ಲ, ಆಗೊಮ್ಮೆ ಈಗೊಮ್ಮೆ ಗೇಣು ಜಾರಿದರೆ ಒಳ್ಳೆಯದೇ.

ಸೀಸದ ಆಕಾರ: ಉರುಟು ಗುಂಡು ಉರುಳುತ್ತದೆ, ಚಪ್ಪಟೆಯದು ಕೂರುತ್ತದೆ. ಬಂಡೆ ಜಾಗಕ್ಕೆ ಸೀಸದ ತಂತಿಯನ್ನು ದಾರಕ್ಕೆ ಸುರುಳಿ ಸುತ್ತುವುದು ಉತ್ತಮ. ಸಂದಿಗೆ ಸಿಕ್ಕರೂ ಜಗ್ಗಿದಾಗ ಬಿಚ್ಚಿಕೊಂಡು ಬರುತ್ತದೆ. ಕಲ್ಲು ಕಟ್ಟುವವರಿದ್ದಾರೆ. ಕರಿಕಲ್ಲು ನೀರಿನೊಳಗೆ ತನ್ನ ತೂಕದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ, ಸೀಸ ಹನ್ನೊಂದರಲ್ಲೊಂದು ಪಾಲು ಮಾತ್ರ. ಕಲ್ಲಿನದು ಒಂದೇ ಗುಣ, ಹೋದರೆ ವಿಷವಿಲ್ಲ. ಸಣ್ಣ ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತಿದ್ದ ಕಾರಣ ಇಂಗ್ಲೆಂಡಿನಲ್ಲಿ 1987ರಲ್ಲೇ ಅವುಗಳ ಮಾರಾಟ ನಿಷೇಧಿಸಿದರು. ನಮ್ಮಲ್ಲಿ ಈಗಲೂ ಹುಡುಗರು ಹಲ್ಲಿನಿಂದ ಕಚ್ಚಿ ಗುಂಡು ಬಿಗಿಯುತ್ತಾರೆ. ದಯವಿಟ್ಟು ಇಕ್ಕಳ ಇಟ್ಟುಕೊಳ್ಳಿ.

ಎರೆಯ ಗಾತ್ರವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಕಾವೇರಿಯ ಹೆಸರಾಂತ ಎರೆ ರಾಗಿ ಮುದ್ದೆ. ಹಿಟ್ಟು ನಾದಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿ, ಮತ್ತೆ ನಾದಿ, ರಬ್ಬರಿನ ಹಾಗೆ ಬಿಗಿಯಾಗುವವರೆಗೆ ಗಟ್ಟಿಮಾಡಬೇಕು. ಇಲ್ಲದಿದ್ದರೆ ಸಣ್ಣ ಮೀನುಗಳೇ ಕುಟುಕಿ ಮುಗಿಸುತ್ತವೆ. ಕಿತ್ತಳೆ ಗಾತ್ರದ ಉಂಡೆ ಹರಿವಿಗೆ 28 ಚದರ ಸೆಂ.ಮೀ. ಮೈ ಒಡ್ಡುತ್ತದೆ, ದೊಡ್ಡ ನಿಂಬೆಯಷ್ಟಿದ್ದರೆ 13. ಮಡುವಿಗೆ ಕಿತ್ತಳೆ ಆದೀತು, ಸೆಳವಿಗೆ ನಿಂಬೆಯೇ ಸರಿ.

ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಈ ಮುದ್ದೆಗೆ ಮಹಶೀರ್ ಹಿಡಿದು ಬಿಡುತ್ತಿದ್ದ ಕಾಲ ಮುಗಿದಿದೆ. ಕಾವೇರಿ ವನ್ಯಧಾಮದೊಳಗೆ ಈಗ ಗಾಳ ಹಾಕುವಂತಿಲ್ಲ. ಡುಬ್ಬದ ಮಹಶೀರ್ 2018ರಿಂದ ಐಯುಸಿಎನ್‌ನ ಅತಿ ಗಂಡಾಂತರದ ಪಟ್ಟಿಯಲ್ಲಿದೆ. ಬೇರೆ ಕಡೆ ಅನುಮತಿ ಪಡೆದು ಕೂತಾಗಲೂ ಅದು ಸಿಕ್ಕರೆ ನೀರಿನಿಂದ ಎತ್ತದೆಯೇ ಗಾಳ ಬಿಡಿಸಿ.

ಕೊನೆಯದಾಗಿ, ಮೇಲೆ ಅಣೆಕಟ್ಟೆಯಿರುವ ನದಿಯಲ್ಲಿ ಕೂರುವ ಮೊದಲು ಬಂಡೆಯ ಮೇಲೆ ನೀರಿನ ಮಟ್ಟಕ್ಕೊಂದು ಗುರುತು ಹಾಕಿಕೊಳ್ಳಿ. ಎರೆ ಇದ್ದಕ್ಕಿದ್ದಂತೆ ನಿಲ್ಲದಾದರೆ ಮೊದಲು ಆ ಗುರುತು ನೋಡಿ. ಅದು ಮುಳುಗಿದ್ದರೆ ಸೀಸ ಹುಡುಕುತ್ತ ಕೂರದೆ ದಡಕ್ಕೆ ಬನ್ನಿ.