ಮೊದಲು ಸೀಗಡಿ, ಆಮೇಲೆ ಮೀನು

ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಮೀನುಗಳನ್ನೆಲ್ಲ ಬಿಟ್ಟಾದ ಮೇಲೆ ಅಲಂಕಾರಕ್ಕೆ ಒಂದು ಸೀಗಡಿಯೂ ಇರಲಿ ಎಂದು ತರುವುದು ರೂಢಿ. ಈ ಕ್ರಮವೇ ತಲೆಕೆಳಗು. ಸೀಗಡಿ ಬೇಕೆಂದಿದ್ದರೆ ಮೊದಲು ಅದನ್ನು ಗೊತ್ತುಮಾಡಿಕೊಂಡು, ಅದರೊಡನೆ ಬಾಳುವ ಮೀನುಗಳನ್ನು ಆಮೇಲೆ ಹುಡುಕಬೇಕು.

ಸೀಗಡಿ ಬೆಳೆಯುವುದು ಚಿಪ್ಪು ಕಳಚಿ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದರದು ಮೆತ್ತನೆಯ ಮೈ. ಕಲ್ಲಿನ ಸಂದಿಯಲ್ಲಿ ಅಡಗದೆ ಗತಿಯಿಲ್ಲ. ಹಗಲೆಲ್ಲ ಸುಮ್ಮನಿದ್ದ ಮೀನೂ ಆಗ ಬಾಯಿ ಹಾಕಬಹುದು. ಲಯನ್‌ಫಿಶ್, ಟ್ರಿಗರ್, ಹಾಕ್‌ಫಿಶ್ ಇರುವ ತೊಟ್ಟಿಗೆ ಸೀಗಡಿ ಬಿಡುವುದೆಂದರೆ ಅದನ್ನು ಬಲಿ ಕೊಟ್ಟಂತೆಯೇ.

ಕ್ಲೀನರ್ ಸೀಗಡಿಯ ಕೆಂಪು ಬೆನ್ನಿನ ಮೇಲೆ ನೇರ ಬಿಳಿ ಪಟ್ಟೆ. ಕಲ್ಲಿನಂಚಿನಲ್ಲಿ ನಿಂತು ಬಿಳಿ ಮೀಸೆ ಆಡಿಸಿದರೆ ಟ್ಯಾಂಗ್ ಮೀನು ಬಂದು ಅಲ್ಲಾಡದೆ ನಿಲ್ಲುತ್ತದೆ, ಕಿವಿರು ಅಗಲಿಸುತ್ತದೆ. ಸೀಗಡಿ ಮೈಮೇಲೇರಿ ಪರೋಪಜೀವಿ, ಸತ್ತ ಚರ್ಮ ಹೆಕ್ಕುತ್ತದೆ. ಹಾಗೆಂದು ಬಿಳಿಚುಕ್ಕೆ ರೋಗಕ್ಕೆ ಇದೇ ಮದ್ದೆಂದು ನಂಬಬೇಡಿ. ಮೀನಿಗೆ ತಾಮ್ರದ ಔಷಧ ಬೇಕಾದರೆ ಬೇರೆ ತೊಟ್ಟಿಯಲ್ಲೇ ಕೊಡಿ. ತಾಮ್ರ ಸೀಗಡಿಗೆ ವಿಷ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಪಿಸ್ತೂಲ್ ಸೀಗಡಿ ಮತ್ತು ಗೋಬಿ ಮೀನಿನ ಜೋಡಿ. ಸೀಗಡಿಗೆ ಕಣ್ಣು ಮಂದ, ಆದರೆ ಬಿಲ ತೋಡುವುದರಲ್ಲಿ ನಿಸ್ಸೀಮ. ಮರಳು ಹೊತ್ತು ಹೊರಬಂದಾಗ ಒಂದು ಮೀಸೆ ಗೋಬಿಯ ಮೈಗೆ ತಾಗಿಕೊಂಡೇ ಇರುತ್ತದೆ. ಬಾಗಿಲಲ್ಲಿ ಕಾವಲಿರುವ ಗೋಬಿ ಬಾಲ ಅದುರಿಸಿತೋ, ಸೀಗಡಿ ಒಳಗೆ. ಅಪಾಯ ಹತ್ತಿರ ಬಂದರೆ ಗೋಬಿಯೂ ಹಿಂದೆಯೇ. ಇವುಗಳಿಗೆ ಮರಳು ದಪ್ಪಗಿರಲಿ, ಹವಳದ ಚೂರುಗಳಿರಲಿ. ದೊಡ್ಡ ಕಲ್ಲುಗಳನ್ನು ಮಾತ್ರ ಮರಳಿನ ಮೇಲಿಡದೆ ತೊಟ್ಟಿಯ ತಳಕ್ಕೇ ಊರಿಸಿ, ಇಲ್ಲವಾದರೆ ಬಿಲ ತೋಡಿದಂತೆ ಕುಸಿದು ಬಿದ್ದಾವು.

ಹಾರ್ಲೆಕ್ವಿನ್ ಸೀಗಡಿಯ ಚೆಲುವಿಗೆ ಮರುಳಾಗುವವರು ಬಹಳ. ಅದರ ಊಟ ನಕ್ಷತ್ರಮೀನು. ಅದನ್ನು ತಪ್ಪದೆ ಒದಗಿಸಲಾರದವರು ತರಬಾರದು.

ಇನ್ನೊಂದು ಮಾತು. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋ ಅಲಂಕಾರಿಕ ಸೀಗಡಿಗಳನ್ನು ತೊಟ್ಟಿಯಲ್ಲೇ ಮರಿಮಾಡಿಸಿ, ಸಾಕುವುದನ್ನು ದ್ವೀಪದ ಮಹಿಳೆಯರಿಗೆ ಕಲಿಸಿದೆ. ಅಂಗಡಿಗೆ ಹೋದಾಗ ಹವಳದ ದಿಬ್ಬದಿಂದ ಹಿಡಿದು ತಂದದ್ದನ್ನಲ್ಲ, ಹೀಗೆ ಸಾಕಿ ಬೆಳೆಸಿದ್ದನ್ನೇ ಕೇಳಿ.