‘ಪೋಲೋ ಜನಕ’ನೆಂಬ ಬಿರುದು: ಒಂದು ವಿಮರ್ಶೆ

ಜೋಸೆಫ್ ಫೋರ್ಡ್ ಷೆರರ್ ಎಂಬ ಆಂಗ್ಲ ಸೇನಾಧಿಕಾರಿಯ ಚರಿತ್ರೆಯನ್ನು ಬರೆಯುವವರು ಅವನನ್ನು ‘ಆಧುನಿಕ ಪೋಲೋ ಆಟದ ಜನಕ’ನೆಂದು ಕರೆಯುವುದು ರೂಢಿಯಾಗಿದೆ. ಜೀವಚರಿತ್ರೆಯಲ್ಲಿ ಬಿರುದೂ ಒಂದು ಪ್ರತಿಜ್ಞಾವಾಕ್ಯವೇ. ಆದಕಾರಣ ಅದಕ್ಕೆ ಹೇತುವನ್ನು ಕೇಳುವುದು ಯುಕ್ತ.

ಸಂಗತಿಗಳು ಹೀಗಿವೆ. 1819ರಿಂದ 1826ರ ವರೆಗೆ ಮಣಿಪುರವು ಬರ್ಮೀಯರ ದಾಳಿಯಿಂದ ಪಾಳಾಯಿತು. ಅಲ್ಲಿಂದ ಕಾಛಾಡಕ್ಕೆ ವಲಸೆ ಬಂದ ರಾಜಪುತ್ರರೂ ಪ್ರಜೆಗಳೂ ತಮ್ಮ ‘ಸಗೋಲ್ ಕಾಂಗ್‌ಜೈ’ ಆಟವನ್ನು ಸಂಗಡ ತಂದರು. ಸಗೋಲ್ ಎಂದರೆ ಕುದುರೆ. ಪಕ್ಷಕ್ಕೆ ಏಳು ಮಂದಿ ಸವಾರರು, ಗುರಿಗಂಬಗಳಿಲ್ಲ, ಚೆಂಡು ಎದುರಾಳಿಗಳ ಅಂಚಿನ ಗೆರೆಯನ್ನು ದಾಟಿದರೆ ಗೆಲುವು. ಬಂಗಾಳದ ಸೈನ್ಯದಲ್ಲಿ ಲೆಫ್ಟಿನೆಂಟನಾಗಿದ್ದ ಷೆರರನು ಇದನ್ನು ಕಂಡು ಮೆಚ್ಚಿ, ತಾನೂ ಆಡಿ, 1859ರಲ್ಲಿ ಕಾಛಾಡದ ಆಡಳಿತಾಧಿಕಾರಿ ರಾಬರ್ಟ್ ಸ್ಟೂಅರ್ಟನೊಡನೆ ಸಿಲ್ಚಾರಿನಲ್ಲಿ ಕ್ಲಬ್ಬೊಂದನ್ನು ಸ್ಥಾಪಿಸಿದನು. 1862ರಲ್ಲಿ ಕಲ್ಕತ್ತೆಯ ಕ್ಲಬ್ಬು ಹುಟ್ಟಿತು. ಮಣಿಪುರದ ಆಟಗಾರರನ್ನು ಅವನು ಆ ನಗರಕ್ಕೂ ಕರೆದೊಯ್ದು ಆಡಿಸಿದನು. 1870ರ ಸುಮಾರಿಗೆ ಇಂಗ್ಲೆಂಡಿನ ಅಶ್ವದಳಗಳಲ್ಲಿ ಆಟವು ಬೇರೂರಿತು.

ಆಟವು ಮಣಿಪುರದ್ದು. ‘ಪೋಲೋ’ ಎಂಬ ಹೆಸರು ಚೆಂಡೆಂಬ ಅರ್ಥವುಳ್ಳ ಬಾಲ್ಟಿ ಭಾಷೆಯ ‘ಪುಲು’ ಶಬ್ದದಿಂದ ಬಂದುದು. ನಿಯಮಗಳನ್ನು ಕ್ರಮಪಡಿಸಿದವರು ಲಂಡನ್ನಿನ ಹರ್ಲಿಂಗ್‌ಹ್ಯಾಮ್ ಕ್ಲಬ್ಬಿನವರು. ಹಾಗಾದರೆ ಷೆರರನಿಗೆ ಉಳಿಯುವುದೇನು?

ಭಗವಾನ್ ಪಾಣಿನಿಯು ಅಷ್ಟಾಧ್ಯಾಯಿಯ 4ನೆಯ ಅಧ್ಯಾಯದ 3ನೆಯ ಪಾದದಲ್ಲಿ ‘ಪ್ರೋಕ್ತ’ವನ್ನೂ ‘ಕೃತ’ವನ್ನೂ ಬೇರೆಬೇರೆಯಾಗಿ ವಿಧಿಸಿರುವನು. ಇದ್ದ ವಿದ್ಯೆಯನ್ನು ಹರಡಿದವನು ಪ್ರವಕ್ತೃ. ಹೊಸತನ್ನು ರಚಿಸಿದವನು ಕರ್ತೃ. ಷೆರರನು ನಿಸ್ಸಂದೇಹವಾಗಿ ಪ್ರವಕ್ತೃ. ಪ್ರವಕ್ತೃತ್ವವು ಅಲ್ಪವಲ್ಲ, ಪ್ರವಕ್ತೃಗಳಿಲ್ಲದೆ ಎಷ್ಟೋ ವೇದಶಾಖೆಗಳು ಲೋಪವಾದುವು. ಆದರೆ ಶಿಷ್ಯನಿಗೆ ಜನಕನ ಪೀಠವನ್ನಿತ್ತರೆ ಗುರುಗಳು ಗ್ರಂಥದಿಂದ ಹೊರಬೀಳುವರು. ಬಿರುದಿನ ದೋಷವಿರುವುದು ಇಲ್ಲಿಯೇ. ಷೆರರನೂ ಅವನ ಸಂಗಡಿಗರೂ ತಮ್ಮ ಕ್ಲಬ್ಬಿಗೆ ‘ಕಾಂಗ್‌ಜೈ’ ಎಂಬ ಹೆಸರನ್ನೇ ಇಟ್ಟುಕೊಂಡು ಗುರುಋಣವನ್ನು ಒಪ್ಪಿಕೊಂಡಿದ್ದರು. ಚರಿತ್ರಕಾರರು ಅದನ್ನು ಮರೆಸಿದರು.

ನಮ್ಮವರಿಗೂ ಒಂದು ಮಾತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ವಾಜಿವಾಹ್ಯಾಲೀವಿನೋದದಲ್ಲಿಯೂ ಕುದುರೆಯೇರಿ ಚೆಂಡನ್ನು ಹೊಡೆಯುವ ಆಟವು ವರ್ಣಿತವಾಗಿದೆ. ಅಷ್ಟರಿಂದಲೇ ಪೋಲೋ ಕನ್ನಡಿಗರದೆಂದು ಸಾಧಿಸಹೊರಟರೆ ನಾವೂ ಅದೇ ದೋಷಕ್ಕೆ ಗುರಿಯಾಗುವೆವು. ಸಾದೃಶ್ಯವು ವಂಶಕ್ಕೆ ಪ್ರಮಾಣವಲ್ಲ.

ಷೆರರನ ಚರಿತ್ರೆಯನ್ನು ಮುಂದೆ ಬರೆಯುವವರು ಅವನನ್ನು ಮಣಿಪುರದ ಸವಾರರ ಉತ್ತಮ ಶಿಷ್ಯನೆಂದು ಬರೆಯಲಿ. ಅದರಿಂದ ಅವನ ಕೀರ್ತಿಗೆ ಕುಂದಿಲ್ಲ, ಸತ್ಯಕ್ಕೂ ಲೋಪವಿಲ್ಲ.